ಮೊದಲ ಹ್ಯಾಂಡ್‌ಗನ್ ಯಾವ್ದು ತಗೊಳ್ಳೋದು: ಡಲ್ಲಾಸ್ ಕಡೆಯ ಒಂದು ಪ್ರಕರಣ

ಡಲ್ಲಾಸ್‌ನ ಉತ್ತರಕ್ಕಿರೋ ಊರುಗಳಲ್ಲಿ ಈಗ ಕನ್ನಡದವರು ಸಾಕಷ್ಟು ಜನ ಇದ್ದೀವಿ, ವರ್ಷಗಟ್ಲೆ ಕಾದು ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆ ಮನೆ, ದೊಡ್ಡ ಕಾರು ಇದರ ಜೊತೆಗೇ ಕೆಲವರ ತಲೇಲಿ ಇನ್ನೊಂದು ಯೋಚನೆ ಬರತ್ತೆ, ಒಂದು ಗನ್ ತಗೊಳ್ಬೇಕಾ ಅಂತ. ನಾನು ಇಲ್ಲಿ ಬಹಳ ವರ್ಷದಿಂದ ಗುಂಡು ಹೊಡೆದು ಅಭ್ಯಾಸ ಮಾಡೋ ಶೂಟಿಂಗ್ ರೇಂಜಿಗೆ ಹೋಗ್ತೀನಿ, ಹೊಸಬರಿಗೆ, ಅದರಲ್ಲೂ ನಮ್ಮ ಹೆಣ್ಮಕ್ಕಳಿಗೆ ಪಿಸ್ತೂಲ್ ಹಿಡಿಯೋದು ಹೇಳಿಕೊಡ್ತೀನಿ, ಹಾಗಾಗಿ ಈ ಫೋನ್ ನನಗೆ ಬರತ್ತೆ. ಇಲ್ಲಿ ಬರೀತಿರೋದು ಹಾಗೆ ಬಂದ ಒಬ್ಬರ ಕಥೆ, ಅವರ ಒಪ್ಪಿಗೆ ತಗೊಂಡೇ ಬರೀತಿದ್ದೀನಿ, ಹೆಸರು ಆಸ್ಪತ್ರೆ ಅಂಗಡಿ ಯಾವುದೂ ಹಾಕಿಲ್ಲ. ಬರೀಬೇಕು ಅನ್ಸಿದ್ದು ಯಾಕಂದ್ರೆ ಇವರ ವಿಷಯದಲ್ಲಿ ಗನ್ ಅಂಗಡೀಲಿ ಕೇಳೋ ಪ್ರಶ್ನೆಗಿಂತ ಮುಂಚೆ ಕೇಳ್ಕೊಬೇಕಾದ ಪ್ರಶ್ನೆಗಳೆಲ್ಲ ಒಟ್ಟಿಗೆ ಬಂದವು.

ಇವರು ನಲವತ್ತರ ಹತ್ರದವರು, ಹಳೇ ಮೈಸೂರು ಕಡೆಯವರು, ಒಂದು ಆಸ್ಪತ್ರೇಲಿ ಫಾರ್ಮಸಿಸ್ಟ್. ಸಂಜೆ ಶಿಫ್ಟ್ ಮುಗಿಯೋದು ರಾತ್ರಿ ಹನ್ನೊಂದಕ್ಕೆ. ಯಜಮಾನ್ರು ಸಾಫ್ಟ್‌ವೇರ್, ಮಗಳು ಮೂರನೇ ಕ್ಲಾಸು, ವರ್ಷಕ್ಕೊಮ್ಮೆ ಅತ್ತೆ ಮಾವ ವಿಸಿಟರ್ ವೀಸಾದಲ್ಲಿ ಬಂದು ತಿಂಗಳುಗಟ್ಲೆ ಇರ್ತಾರೆ. ಒಂದು ರಾತ್ರಿ ಪಾರ್ಕಿಂಗ್ ಗ್ಯಾರೇಜಲ್ಲಿ ಒಬ್ಬ ಇವರ ಹಿಂದೆ ಬಂದ, ದುಡ್ಡು ಕೇಳ್ದ, ಇಲ್ಲ ಅಂದ್ರೂ ಕಾರಿನ ತನಕ ಬಂದು ಡೋರ್ ಲಾಕ್ ಆದ ಮೇಲೆ ಗ್ಲಾಸ್ ಬಡಿದ. ಏನೂ ಆಗಲಿಲ್ಲ, ಆದ್ರೆ ಅವತ್ತಿಂದ ಇವರಿಗೆ ಹತ್ತೂವರೆ ಆದ್ರೆ ಹೊಟ್ಟೇಲಿ ಸಂಕಟ ಶುರು ಆಗೋದು. ಅದು ಸಣ್ಣ ವಿಷಯ ಅಲ್ಲ, ಆ ಭಯವನ್ನ ನಾನು ಯಾವತ್ತೂ ತಳ್ಳಿಹಾಕಲ್ಲ.

ನನ್ನ ಹತ್ರ ಬರೋ ಹೊತ್ತಿಗೆ ಇಬ್ಬರೂ ಒಂದೊಂದು ತೀರ್ಮಾನ ಮಾಡ್ಕೊಂಡು ಬಂದಿದ್ರು. ಯಜಮಾನ್ರಿಗೆ ಗ್ಲಾಕ್ 19 ಅನ್ನೋ ಪಿಸ್ತೂಲೇ ಆಗ್ಬೇಕು, ಯಾಕಂದ್ರೆ ನೋಡಿದ ವಿಡಿಯೋ ಎಲ್ಲದ್ರಲ್ಲೂ ಅದನ್ನೇ ಹೇಳಿದ್ರಂತೆ. ಇವರಿಗೆ ವ್ಯಾನಿಟಿ ಬ್ಯಾಗಲ್ಲಿ ಹಿಡಿಸೋ ತೀರಾ ಚಿಕ್ಕದು ಬೇಕು. ಅಂಗಡಿಯವರು ಇವರನ್ನ ನೋಡಿದ ತಕ್ಷಣ ಸಣ್ಣ ರಿವಾಲ್ವರ್ ತೋರ್ಸಿ ಇದು ಲೇಡೀಸ್‌ಗೆ ಸರಿ ಹೋಗತ್ತೆ ಅಂದಿದ್ರು. ಆ ಮಾತು ಹೇಳೋ ಅಂಗಡಿ ಇಲ್ಲಿ ಒಂದಲ್ಲ ಎರಡಲ್ಲ, ಕೇಳಿದಾಗೆಲ್ಲ ನನಗೆ ಸಿಟ್ಟು ಬರತ್ತೆ, ಯಾಕೆ ಅಂತ ಮುಂದೆ ಹೇಳ್ತೀನಿ.

ನಾನು ಮೊದಲು ಕೇಳಿದ್ದು ಗ್ರೀನ್ ಕಾರ್ಡ್ ಕೈಗೆ ಬಂದಿದ್ಯಾ ಅಂತ. ಬಂದಿತ್ತು, ಇಬ್ಬರಿಗೂ. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ ಯಾಕಂದ್ರೆ ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಎಚ್1ಬಿ, ಎಲ್1, ಎಫ್1 ಥರದ ವೀಸಾದಲ್ಲಿ ಬಂದವರು ಗನ್ ಆಗ್ಲಿ ಗುಂಡಾಗ್ಲಿ ಇಟ್ಕೊಳ್ಳೋ ಹಾಗಿಲ್ಲ, ಇದು ಫೆಡರಲ್ ಕಾನೂನು, ಟೆಕ್ಸಾಸ್ ಎಷ್ಟೇ ಸಡಿಲ ಇದ್ರೂ ಅದಕ್ಕೆ ಇದು ಬಗ್ಗಲ್ಲ. ಬೇಟೆ ಲೈಸೆನ್ಸ್ ಇದ್ರೆ ಅನ್ನೋ ಥರ ಕೆಲವು ವಿನಾಯಿತಿ ಇದೆ, ಆದ್ರೆ ಅದನ್ನ ನಂಬ್ಕೊಂಡು ಹೆಜ್ಜೆ ಇಡೋ ಮುಂಚೆ ವಕೀಲರನ್ನ ಕೇಳ್ಬೇಕು. ಕೊಳ್ಳೋದು ಬಿಡಿ, ವೀಕೆಂಡಲ್ಲಿ ಫ್ರೆಂಡ್ಸ್ ಎಲ್ಲ ಸೇರಿ ರೇಂಜಿಗೆ ಹೋಗಿ ಗನ್ ಬಾಡಿಗೆಗೆ ತಗೊಂಡು ಹೊಡೆದು ಫೋಟೋ ಹಾಕೋದಿದ್ಯಲ್ಲ, ವಿನಾಯಿತಿ ಇಲ್ಲದೆ ಎಚ್1ಬಿಲಿ ಇರೋವರು ಅದನ್ನ ಕೈಲಿ ಹಿಡಿದ್ರೂ ತೊಂದ್ರೆಗೆ ಸಿಗ್ಬಹುದು. ಗ್ರೀನ್ ಕಾರ್ಡ್ ಇದ್ರೆ ಕೊಳ್ಳಬಹುದು, ಅಂಗಡೀಲಿ 4473 ಅನ್ನೋ ಫಾರ್ಮ್ ತುಂಬ್ಬೇಕು, ಯಾವ ದೇಶದ ಪ್ರಜೆ ಅನ್ನೋದು, ಕಾರ್ಡಿನ ನಂಬರು ಎಲ್ಲ ಅದ್ರಲ್ಲಿ ಬರತ್ತೆ, ಆಮೇಲೆ ಎಫ್‌ಬಿಐ ನಡೆಸೋ ಬ್ಯಾಕ್‌ಗ್ರೌಂಡ್ ಚೆಕ್, ಅದು 1998ರಿಂದ ಇದೆ. ಅಂಗಡಿಯಿಂದ ಹ್ಯಾಂಡ್‌ಗನ್ ತಗೊಳ್ಳೋಕೆ 21 ವರ್ಷ ತುಂಬಿರ್ಬೇಕು. ಇನ್ನೊಂದು ಮಾತು, ಗ್ರೀನ್ ಕಾರ್ಡ್ ಅಂದ್ರೆ ಸಿಟಿಜನ್‌ಶಿಪ್ ಅಲ್ಲ. ಇಲ್ಲೇ ಹುಟ್ಟಿದವನಿಗೆ ದಂಡದಲ್ಲೋ ಸಣ್ಣ ಕೇಸಲ್ಲೋ ಮುಗಿಯೋ ಗನ್ ತಪ್ಪು ನಮ್ಮಂಥವರಿಗೆ ಗಡೀಪಾರಿನ ತನಕ ಹೋಗ್ಬಹುದು, ಇಮಿಗ್ರೇಶನ್ ಕಾನೂನಲ್ಲಿ ಬಂದೂಕಿನ ಅಪರಾಧಕ್ಕೆ ಅಂತಲೇ ಒಂದು ಕಲಮು ಇದೆ. ಇದನ್ನ ಹೇಳಿದಾಗ ಯಜಮಾನ್ರ ಮುಖ ಸ್ವಲ್ಪ ಇಳೀತು. ಇಳೀಲಿ, ಗೊತ್ತಿರೋದು ಒಳ್ಳೇದು.

ಎರಡನೇ ಕೆಲಸ ಅಂತ ನಾನು ಒಂದು ಹಾಳೆ ಕೊಟ್ಟು, ಒಂದು ವಾರ ನೀವು ಎಲ್ಲೆಲ್ಲಿ ಹೋಗ್ತೀರಿ, ಏನು ಬಟ್ಟೆ ಹಾಕ್ಕೊಂಡಿರ್ತೀರಿ, ಜೊತೇಲಿ ಯಾರಿರ್ತಾರೆ ಬರೀರಿ ಅಂದೆ. ಗನ್ ಹೆಸರೇ ಇಲ್ಲದ ಈ ಹಾಳೆ ಮುಂದಿನದ್ದೆಲ್ಲ ತೀರ್ಮಾನ ಮಾಡ್ತು. ಬೆಳಿಗ್ಗೆ ಮಗಳ ಸ್ಕೂಲ್ ಡ್ರಾಪ್ ಲೈನು. ಮಧ್ಯಾಹ್ನ ಅಂಗಡಿ, ಪಾರ್ಕು. ಎರಡೂವರೆಯಿಂದ ಹನ್ನೊಂದರ ತನಕ ಆಸ್ಪತ್ರೆ, ಸ್ಕ್ರಬ್ಸಲ್ಲಿ, ಅಂದ್ರೆ ಆಸ್ಪತ್ರೆ ಯೂನಿಫಾರ್ಮಲ್ಲಿ. ಶನಿವಾರ ದೇವಸ್ಥಾನ, ಸೀರೆ ಅಥವಾ ಚೂಡಿದಾರ. ಭಾನುವಾರ ಮಗಳ ಡ್ಯಾನ್ಸ್ ಕ್ಲಾಸು, ಯಾರದ್ದೋ ಮನೇಲಿ ಪಾಟ್‌ಲಕ್.

ಈಗ ಇದರ ಮೇಲೆ ಕಾನೂನನ್ನ ಇಟ್ಟು ನೋಡಿ. ಟೆಕ್ಸಾಸಲ್ಲಿ 2021ರ ಸೆಪ್ಟೆಂಬರ್ 1ರಿಂದ 21 ದಾಟಿದ, ಕಾನೂನಿನ ಅಡ್ಡಿ ಇಲ್ಲದ ಯಾರಾದ್ರೂ ಲೈಸೆನ್ಸ್ ಇಲ್ಲದೇನೇ ಹ್ಯಾಂಡ್‌ಗನ್ ಇಟ್ಕೊಂಡು ಓಡಾಡಬಹುದು. ಇದನ್ನ ಕೇಳಿ ಎಲ್ಲರೂ ಹಾಗಿದ್ರೆ ಲೈಸೆನ್ಸ್ ಯಾಕೆ ಅಂತಾರೆ. ಸ್ಕೂಲಿಗೆ ಮಕ್ಕಳನ್ನ ಬಿಡೋ ಅಮ್ಮಂದಿರಿಗೆ ಖಂಡಿತ ಬೇಕು, ಯಾಕಂದ್ರೆ ಸ್ಕೂಲಿಂದ 1,000 ಅಡಿ ಒಳಗೆ ಗನ್ ಇಟ್ಕೊಂಡಿರೋದು ಫೆಡರಲ್ ಕಾನೂನಲ್ಲಿ ಅಪರಾಧ, ಆ ರಾಜ್ಯದ ಲೈಸೆನ್ಸ್ ಇದ್ದವರಿಗೆ ಅದರಿಂದ ವಿನಾಯಿತಿ. ನಮ್ಮ ಸಬರ್ಬುಗಳಲ್ಲಿ ಯಾವ ರೋಡಲ್ಲಿ ಹೋದ್ರೂ ಒಂದು ಸ್ಕೂಲು ಸಿಗತ್ತೆ, ಲೈಸೆನ್ಸ್ ಇಲ್ಲದೆ ಗುಂಡು ತುಂಬಿದ ಗನ್ ಇಟ್ಕೊಂಡು ಹಾಲು ತರೋಕೆ ಹೋದ್ರೂ ಆ 1,000 ಅಡಿ ದಾಟ್ತೀರಿ. ಹಾಗಾಗಿ ಲೈಸೆನ್ಸ್ ಮಾಡಿಸ್ಲೇಬೇಕು ಅಂತ ಅವತ್ತೇ ತೀರ್ಮಾನ ಆಯ್ತು. ಲೈಸೆನ್ಸ್ ಇದ್ರೂ ಸ್ಕೂಲ್ ಬಿಲ್ಡಿಂಗ್ ಒಳಗೆ ತಗೊಂಡು ಹೋಗೋ ಹಾಗಿಲ್ಲ, ಪೇರೆಂಟ್ ಟೀಚರ್ ಮೀಟಿಂಗ್ ದಿನ ಅದು ಮನೇಲಿರ್ಬೇಕು. ಫೆಡರಲ್ ಕಟ್ಟಡಗಳಿಗೂ ಇಲ್ಲ, ಅಂದ್ರೆ ನಾಳೆ ಸಿಟಿಜನ್‌ಶಿಪ್ ಇಂಟರ್‌ವ್ಯೂಗೆ ಹೋಗೋ ಆಫೀಸಿಗೂ ಇಲ್ಲ. ದೇವಸ್ಥಾನದ ವಿಷಯ, 2019ರಿಂದ ಪೂಜಾಸ್ಥಳದವರು ಬೇಡ ಅಂತ ನೋಟಿಸ್ ಕೊಡದಿದ್ರೆ ಒಯ್ಯಬಹುದು, ಆದ್ರೆ ಇವರೇ "ಅಕ್ಕ, ಅಲ್ಲಿಗೆ ಮಾತ್ರ ಬೇಡ" ಅಂದ್ರು, ಅದು ಅವರ ಮನಸ್ಸಿಗೆ ಬಿಟ್ಟಿದ್ದು. ಬಾಗಿಲಲ್ಲಿ 30.06 ಅನ್ನೋ ಕಾನೂನಿನ ಕಲಮು ಹೇಳಿ ಇಂಗ್ಲಿಷ್ ಸ್ಪ್ಯಾನಿಷ್ ಎರಡರಲ್ಲೂ ದಪ್ಪ ಅಕ್ಷರದ ಬೋರ್ಡ್ ಇದ್ರೆ ಲೈಸೆನ್ಸ್ ಇದ್ದವರೂ ಮುಚ್ಚಿಟ್ಕೊಂಡೂ ಒಳಗೆ ಹೋಗೋ ಹಾಗಿಲ್ಲ, ಅದನ್ನ ನೋಡೋ ಅಭ್ಯಾಸ ಮಾಡ್ಕೋಬೇಕು.

ಉಳಿದಿದ್ದು ಆಸ್ಪತ್ರೆ. ಕೆಲಸದ ಜಾಗದಲ್ಲಿ ಗನ್ ತಂದ್ರೆ ಕೆಲಸ ಹೋಗತ್ತೆ, ರೂಲ್ ಬುಕ್ಕಲ್ಲಿ ಬರೆದಿದೆ. 2011ರ ಕಾನೂನು ಪ್ರಕಾರ ಲಾಕ್ ಮಾಡಿದ ಸ್ವಂತ ಕಾರಲ್ಲಿ ಕಾನೂನುಬದ್ಧ ಗನ್ ಇಟ್ರೆ ಸಾಮಾನ್ಯವಾಗಿ ಟೆಕ್ಸಾಸಲ್ಲಿ ಕೆಲಸ ಕೊಟ್ಟವರು ತಡೆಯೋ ಹಾಗಿಲ್ಲ, ಕಾರಲ್ಲಿ ಇಡಬಹುದು. ಆಗ ನಾನು ಕೇಳ್ದೆ, ನಿಮಗೆ ಭಯ ಆಗೋ ಜಾಗ ಯಾವ್ದು? ಲಿಫ್ಟಿಂದ ಕಾರಿನ ತನಕ. ಗನ್ ಇರೋದು ಎಲ್ಲಿ? ಕಾರಲ್ಲಿ. ಇಬ್ಬರೂ ಸುಮ್ಮನಾದ್ರು. ಆ ನೂರು ಹೆಜ್ಜೇಲಿ ಅವರ ಕೈಲಿ ಗನ್ ಇರಲ್ಲ, ಯಾವ ಮಾಡೆಲ್ ತಗೊಂಡ್ರೂ ಇರಲ್ಲ. ಆ ನೂರು ಹೆಜ್ಜೆಗೆ ಬೇಕಾಗಿದ್ದು ಸೆಕ್ಯುರಿಟಿಯವರು. ಕೇಳಿ ನೋಡಿ ಅಂದೆ, ರಾತ್ರಿ ಶಿಫ್ಟಿನವರನ್ನ ಕಾರಿನ ತನಕ ಬಿಡೋ ವ್ಯವಸ್ಥೆ ಅಲ್ಲಿ ಮೊದಲಿಂದಾನೂ ಇತ್ತು, ಒಂದು ಫೋನ್ ಮಾಡಿದ್ರೆ ಸಾಕು, ಇವರಿಗೆ ಯಾರೂ ಹೇಳಿರ್ಲಿಲ್ಲ ಅಷ್ಟೆ. ಗ್ಯಾರೇಜಿನ ಮೂರನೇ ಮಹಡಿ ಬಿಟ್ಟು ಸೆಕ್ಯುರಿಟಿ ಬೂತ್ ಪಕ್ಕದಲ್ಲಿ ಕಾರು ಹಾಕೋಕೆ ಶುರು ಮಾಡಿದ್ರು. ಹತ್ತೂವರೆಯ ಸಂಕಟ ಅರ್ಧಕ್ಕರ್ಧ ಇಳಿದಿದ್ದು ಇದರಿಂದಾನೇ, ಒಂದು ಡಾಲರ್ ಖರ್ಚಿಲ್ದೆ.

ಇದಾದ ಮೇಲೂ ಅವರಿಗೆ ಗನ್ ಬೇಕು ಅನ್ಸಿತ್ತು. ರಾತ್ರಿ ಹೈವೇಲಿ ಮುಕ್ಕಾಲು ಗಂಟೆ ಒಬ್ಬರೇ ಬರೋದು, ಪೆಟ್ರೋಲ್ ಹಾಕ್ಸೋಕೆ ನಿಲ್ಲೋದು, ಯಜಮಾನ್ರು ಆಫೀಸ್ ಕೆಲಸಕ್ಕೆ ಬೇರೆ ಊರಿಗೆ ಹೋದಾಗ ಮಗಳ ಜೊತೆ ಒಬ್ಬರೇ ಇರೋದು. ಅದು ನ್ಯಾಯವಾದ ಕಾರಣ ಅಂತಾನೇ ನನಗೂ ಅನ್ಸಿತು, ಸರಿ ಮುಂದೆ ಹೋಗೋಣ ಅಂದೆ.

ನಾನು ಕೊಡಗಿನವಳು. ನಮ್ಮ ಕಡೆ ಮನೇಲಿ ಕೋವಿ ಇರೋದು ಹೊಸದಲ್ಲ, ಬ್ರಿಟಿಷರ ಕಾಲದಿಂದ ಬಂದ ಲೈಸೆನ್ಸ್ ವಿನಾಯಿತಿ ಇವತ್ತಿಗೂ ಇದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸ್ತು. ಕೈಲ್ ಮುಹೂರ್ತದ ದಿನ ಕೋವಿಗೆ ಹೂ ಇಟ್ಟು ಪೂಜೆ ಮಾಡ್ತೀವಿ. ಹಾಗಂತ ಕೋವಿ ಗೊತ್ತಿದ್ರೆ ಪಿಸ್ತೂಲೂ ಗೊತ್ತು ಅಂತ ಅಲ್ಲ. ಕೋವಿಯ ಉದ್ದ ನಳಿಗೆ ಎಲ್ಲಿ ನೋಡ್ತಿದೆ ಅಂತ ಪಕ್ಕದವರಿಗೂ ಕಾಣತ್ತೆ, ಹೆಗಲಿಗೆ ಒತ್ತಿ ಹಿಡಿದಿರ್ತೀವಿ. ಪಿಸ್ತೂಲಿನ ನಳಿಗೆ ಮೂರು ನಾಲ್ಕು ಇಂಚು, ಮಣಿಕಟ್ಟು ಒಂಚೂರು ತಿರುಗಿದ್ರೆ ಅದರ ಬಾಯಿ ಪಕ್ಕದ ಲೇನಿನವರ ಕಡೆ ತಿರುಗಿರತ್ತೆ. ಅದಕ್ಕೇ ರೇಂಜಿಗೆ ಹೋಗೋ ಮುಂಚೆ ಮನೇಲಿ ಕೂತು ಅಮೆರಿಕದ ಹೆಸರಾಂತ ಶೂಟಿಂಗ್ ಗುರು ಜೆಫ್ ಕೂಪರ್ ಹೇಳಿದ ನಾಲ್ಕು ನಿಯಮ ಬಾಯಿಪಾಠ ಮಾಡಿಸ್ತೀನಿ: ಎಲ್ಲಾ ಗನ್‌ನಲ್ಲೂ ಗುಂಡಿದೆ ಅಂತಾನೇ ತಿಳ್ಕೊಳ್ಳೋದು, ಹಾಳು ಮಾಡೋಕೆ ಇಷ್ಟ ಇಲ್ಲದ ಯಾವುದರ ಕಡೆಗೂ ಬಾಯಿ ತಿರುಗಿಸದೇ ಇರೋದು, ಗುರಿ ಕಣ್ಣ ಮುಂದೆ ಬರೋ ತನಕ ಬೆರಳು ಟ್ರಿಗರಿಂದ ಆಚೆ, ಗುರಿ ಯಾವುದು ಅದರ ಹಿಂದೆ ಏನಿದೆ ಅನ್ನೋದು ಗೊತ್ತಿರೋದು.

ರೇಂಜಲ್ಲಿ ಬಾಡಿಗೆಗೆ ಸಿಗೋದನ್ನೆಲ್ಲ ಹೊಡೆದು ನೋಡೋದು ಅಂತ ಮಾತಾಯ್ತು. ಬಳೆ ತೆಗೆದಿಡಿ, ದುಪಟ್ಟಾ ಬೇಡ, ಕತ್ತು ಮುಚ್ಚೋ ಟೀ ಶರ್ಟ್ ಹಾಕ್ಕೊಳ್ಳಿ ಅಂದಿದ್ದೆ. ಕತ್ತಿನ ವಿಷಯ ತಮಾಷೆ ಅಲ್ಲ, ಗುಂಡು ಹೊಡೆದ ಮೇಲೆ ಹೊರಗೆ ಬರೋ ಬಿಸಿ ಖಾಲಿ ಕೇಸು ಹಾರಿ ಕತ್ತಿನೊಳಗೆ ಬಿದ್ರೆ ಜನ ಗನ್ ಹಿಡಿದ ಕೈಯಲ್ಲೇ ಕುಣೀತಾರೆ, ಅಪಘಾತ ಆಗೋದು ಆಗ.

ಮೊದಲು ಅಂಗಡಿಯವರು ಹೇಳಿದ ಸಣ್ಣ ರಿವಾಲ್ವರ್, ಸ್ಮಿತ್ ಆಂಡ್ ವೆಸ್ಸನ್ 642. ಐದು ಗುಂಡು, 38 ಸ್ಪೆಷಲ್ ಅನ್ನೋ ಅಳತೆಯದ್ದು, ತೂಕ ಅರ್ಧ ಕೆಜಿಗಿಂತ ಕಮ್ಮಿ. ನೋಡೋಕೆ ಸರಳ, ಪಿಸ್ತೂಲಲ್ಲಿರೋ ಥರ ಹಿಂದಕ್ಕೆ ಎಳೆಯೋ ಮೇಲ್ಭಾಗ, ಅಂದ್ರೆ ಸ್ಲೈಡ್ ಇಲ್ಲ, ಸೇಫ್ಟಿ ಇಲ್ಲ, ಒತ್ತಿದ್ರೆ ಹೊಡೆಯತ್ತೆ. ಆದ್ರೆ ಆ ಟ್ರಿಗರ್ ಎಳೆಯೋಕೆ ಸುಮಾರು ಐದು ಕೆಜಿ ಬಲ ಬೇಕು, ಅದೂ ಉದ್ದದ ಎಳೆತ, ಇವರ ಬೆರಳು ಅರ್ಧ ದಾರೀಲಿ ನಡುಗೋಕೆ ಶುರು, ನಡುಗಿದ್ರೆ ಗುರಿ ಹಿಡಿಯೋ ಮುಂದಿನ ಸೈಟ್ ಆ ಕಡೆ ಈ ಕಡೆ. ಏಳು ಗಜದಲ್ಲಿ ಐದರಲ್ಲಿ ಎರಡು ಗುಂಡು ಪೇಪರಿನ ಮನುಷ್ಯನ ಆಚೆ ಹೋಯ್ತು. ಗನ್ ಹಗುರ ಇದ್ದಷ್ಟೂ ಒದೆತ ಜಾಸ್ತಿ, ಅದು ಸ್ಕೂಲಲ್ಲಿ ಓದಿದ ನ್ಯೂಟನ್ ನಿಯಮಾನೇ. ಹತ್ತು ಗುಂಡು ಆಗೋ ಹೊತ್ತಿಗೆ ಹೆಬ್ಬೆರಳಿನ ಬುಡ ಕೆಂಪಾಗಿತ್ತು, "ಸಾಕಕ್ಕ" ಅಂದ್ರು. ಆಮೇಲೆ ರೂಗರ್ ಎಲ್‌ಸಿಪಿ, 380 ಕ್ಯಾಲಿಬರಿನದ್ದು (ಕ್ಯಾಲಿಬರ್ ಅಂದ್ರೆ ಗುಂಡಿನ ಅಳತೆ), ತೂಕ ಬರೀ 270 ಗ್ರಾಂ ಹತ್ರ, ಇವರು ಬ್ಯಾಗಿಗೆ ಅಂತ ಆಸೆಪಟ್ಟಿದ್ದು ಇಂಥದ್ದನ್ನೇ. ಕಿರುಬೆರಳಿಗೆ ಜಾಗಾನೇ ಇಲ್ಲ, ಪ್ರತಿ ಗುಂಡಿಗೂ ಗನ್ ಕೈಯೊಳಗೆ ತಿರುಗತ್ತೆ, ಮತ್ತೆ ಹಿಡಿತ ಸರಿ ಮಾಡ್ಕೋಬೇಕು. ಸಣ್ಣ ಗನ್ ಅಂದ್ರೆ ಹೊಸಬರಿಗೆ ಸುಲಭ ಅಂತ ಹೇಳೋವರ ಮೇಲೆ ನನಗೆ ಸಿಟ್ಟು ಬರೋದು ಇದಕ್ಕೇನೇ. ತೀರಾ ಸಣ್ಣ ಗನ್ ಚೆನ್ನಾಗಿ ಹೊಡೆಯೋದು ಪಳಗಿದವರಿಗೂ ಕಷ್ಟ. ಹೊಸದಾಗಿ ಕಲಿಯೋ ಹೆಂಗಸಿಗೆ ಅದನ್ನ ಕೊಟ್ರೆ ಅವಳು ಎರಡು ಸಲ ರೇಂಜಿಗೆ ಬಂದು ಕೈ ನೋವು ಮಾಡ್ಕೊಂಡು ಮೂರನೇ ಸಲ ಬರಲ್ಲ, ಗನ್ ಮಾತ್ರ ಬ್ಯಾಗಲ್ಲಿ ಉಳಿಯತ್ತೆ, ಅಭ್ಯಾಸ ಇಲ್ಲದ ಕೈಗೆ.

ಗ್ಲಾಕ್ 19 ಕೊಟ್ಟಾಗ ಸ್ಲೈಡ್ ಎಳೆಯೋಕೇ ಆಗಲಿಲ್ಲ. "ನೋಡಿ ನನಗೆ ಶಕ್ತಿ ಇಲ್ಲ" ಅಂದ್ರು, ಯಜಮಾನ್ರೂ ತಲೆ ಆಡಿಸಿದ್ರು. ಶಕ್ತಿ ವಿಷಯ ಅಲ್ಲ ಅದು. ಅವರು ಉಪ್ಪು ಚಿಟಿಕೆ ಹಿಡಿದ ಹಾಗೆ ಎರಡು ಬೆರಳಲ್ಲಿ ಸ್ಲೈಡ್ ಹಿಡಿದು ಹಿಂದಕ್ಕೆ ಎಳೀತಿದ್ರು. ಗನ್ ಎದೆ ಹತ್ರ ತನ್ನಿ, ಬಾಯಿ ಟಾರ್ಗೆಟ್ ಕಡೇನೇ ಇರ್ಲಿ, ಎಡಗೈ ಅಂಗೈ ಪೂರ್ತಿ ಸ್ಲೈಡ್ ಮೇಲೆ ಮುಷ್ಟಿ ಕಟ್ಟಿ, ಈಗ ಎಡಗೈ ಅಲ್ಲಾಡಿಸ್ಬೇಡಿ, ಬಲಗೈಲಿ ಗನ್ನನ್ನೇ ಮುಂದಕ್ಕೆ ನೂಕಿ ಅಂದೆ. ಮೂರನೇ ಸಲಕ್ಕೆ ಬಂತು, ಆಮೇಲೆ ಆರಾಮಾಗಿ ಬಂತು. ಅವರ ಮುಖದಲ್ಲಿ ಅವತ್ತು ಮೊದಲ ಸಲ ನಗು ನೋಡಿದೆ. ಗ್ಲಾಕ್ 19 ಒಳ್ಳೇ ಗನ್, ಗುಂಡು ತುಂಬೋ ಮ್ಯಾಗಜೀನಲ್ಲಿ 15 ಗುಂಡು, ಒದೆತ ಕಮ್ಮಿ, ಹೊಡೆದಿದ್ದೆಲ್ಲ ಒಂದೇ ಕಡೆ ಗುಂಪಾಗಿ ಬಿತ್ತು. ಆದ್ರೆ ಹಿಡಿ ಇವರ ಕೈಗೆ ದಪ್ಪ, ಟ್ರಿಗರ್ ತಲುಪೋಕೆ ಹಿಡಿತಾನೇ ತಿರುಗಿಸ್ಬೇಕು, ತಿರುಗಿಸಿದ್ರೆ ಒದೆತ ಹೆಬ್ಬೆರಳಿನ ಗೆಣ್ಣಿಗೆ ಬರತ್ತೆ. ಯಜಮಾನ್ರ ಕೈಗೆ ಸರಿ ಹೋಯ್ತು, ಅದು ಬೇರೆ ಮಾತು, ಇಟ್ಕೊಂಡು ಓಡಾಡೋದು ಅವರಲ್ಲ.

ಕೊನೆಗೆ ಉಳಿದಿದ್ದು ಮೂರು. ಸಿಗ್ ಪಿ365, 2018ರಲ್ಲಿ ಬಂದಿದ್ದು, ಅಷ್ಟು ಚಿಕ್ಕ ಗನ್‌ನಲ್ಲಿ 10 ಗುಂಡು ಹಿಡಿಸಿ ಈ ಮಾರ್ಕೆಟ್ಟನ್ನೇ ಬದಲಾಯಿಸಿದ್ದು. ಸ್ಮಿತ್ ಆಂಡ್ ವೆಸ್ಸನ್ ಶೀಲ್ಡ್ ಈಝೀ 9ಎಂಎಂ, 8 ಗುಂಡು, ಸ್ಲೈಡ್ ಬೆಣ್ಣೆ. ಗ್ಲಾಕ್ 43ಎಕ್ಸ್, 2019ರದ್ದು, 10 ಗುಂಡು, ತೆಳ್ಳಗೆ ಆದ್ರೆ ಹಿಡಿ ಉದ್ದ. ಈಝೀ ಗೆಲ್ಲತ್ತೆ ಅಂದ್ಕೊಂಡಿದ್ದೆ, ಕೈಯಲ್ಲಿ ನಿಜವಾಗಿ ಬಲ ಇಲ್ಲದವರಿಗೆ, ಸಂಧಿವಾತ ಇರೋ ಹಿರಿಯರಿಗೆ ನಾನು ಇವತ್ತಿಗೂ ಅದನ್ನೇ ಹೇಳ್ತೀನಿ. ಆದ್ರೆ ಅದರ ಹಿಡಿಯ ಹಿಂಭಾಗದಲ್ಲಿ ಒಂದು ಗ್ರಿಪ್ ಸೇಫ್ಟಿ ಇದೆ, ಅಂಗೈ ಪೂರ್ತಿ ಒತ್ತದೇ ಇದ್ರೆ ಗನ್ ಹೊಡೆಯಲ್ಲ, ಇವರ ಹಿಡಿತ ಅವಸರದಲ್ಲಿ ಸ್ವಲ್ಪ ಕೆಳಗೆ ಜಾರ್ತಿತ್ತು, ಎರಡು ಸಲ ಟ್ರಿಗರ್ ಎಳೆದ್ರೂ ಏನೂ ಆಗಲಿಲ್ಲ. ಅಭ್ಯಾಸದಿಂದ ಸರಿ ಆಗತ್ತೆ, ಆದ್ರೆ ಸ್ಲೈಡ್ ಸಮಸ್ಯೆ ಆಗಲೇ ಬಗೆಹರಿದ ಮೇಲೆ ಅದಕ್ಕೋಸ್ಕರ ಇನ್ನೊಂದು ಸಮಸ್ಯೆ ಯಾಕೆ ತಗೊಳ್ಬೇಕು. ಪಿ365 ಚೆನ್ನಾಗಿತ್ತು, ಮುಚ್ಚಿಡೋಕೆ ಅದೇ ಸುಲಭ, ಕಿರುಬೆರಳು ಮಾತ್ರ ಅಂಚಲ್ಲಿ ತೂಗಾಡ್ತಿತ್ತು. 43ಎಕ್ಸಲ್ಲಿ ಐದೂ ಬೆರಳಿಗೆ ಜಾಗ, ಟ್ರಿಗರ್ ಸಲೀಸಾಗಿ ಸಿಕ್ತು, ದಪ್ಪ ಒಂದಿಂಚಿಗಿಂತ ಚೂರು ಹೆಚ್ಚು, ಖಾಲಿ ಇದ್ದಾಗ ತೂಕ ಅರ್ಧ ಕೆಜಿ ಹತ್ರ. ಏಳು ಗಜದಲ್ಲಿ ಹತ್ತಕ್ಕೆ ಹತ್ತೂ ಎದೆಯ ಭಾಗದಲ್ಲೇ. ಬೇರೆ ಕೈಗೆ ಬೇರೆ ಗನ್ ಗೆಲ್ಲತ್ತೆ, ಇದನ್ನ ಓದಿ ಎಲ್ಲರೂ 43ಎಕ್ಸ್ ತಗೊಳ್ಳಿ ಅಂತ ನಾನು ಹೇಳ್ತಿಲ್ಲ.

ಕ್ಯಾಲಿಬರ್ ಬಗ್ಗೆ ಗಂಡಸರು ಗಂಟೆಗಟ್ಲೆ ಜಗಳ ಆಡ್ತಾರೆ, ನನಗೆ ಅಷ್ಟು ಹೊತ್ತು ಬೇಡ. 9ಎಂಎಂ ಸಾಕು. ಎಫ್‌ಬಿಐಯವರೇ 1986ರಲ್ಲಿ ಮಯಾಮಿಯಲ್ಲಿ ದರೋಡೆಕೋರರ ಜೊತೆ ಗುಂಡಿನ ಕಾಳಗ ಆದ್ಮೇಲೆ ದೊಡ್ಡ ಕ್ಯಾಲಿಬರ್‌ಗಳ ಕಡೆ ಹೋಗಿ, ಗುಂಡಿನ ತಯಾರಿಕೆ ಸುಧಾರಿಸಿದ ಮೇಲೆ ವಾಪಸ್ 9ಎಂಎಂಗೆ ಬಂದ್ರು, ಅದರಲ್ಲಿ ಒದೆತ ಕಮ್ಮಿ, ಬೇಗ ಬೇಗ ಸರಿಯಾಗಿ ಹೊಡೀಬಹುದು. ಅಭ್ಯಾಸಕ್ಕೆ ಅಗ್ಗದ ಫುಲ್ ಮೆಟಲ್ ಜಾಕೆಟ್, ಅಂದ್ರೆ ಲೋಹದ ಹೊದಿಕೆಯ ಗುಂಡು, ಇಟ್ಕೊಂಡು ಓಡಾಡೋಕೆ ತುದೀಲಿ ಕುಳಿ ಇರೋ ಹಾಲೋ ಪಾಯಿಂಟ್, ಅದು ಒಳಗೆ ಅರಳತ್ತೆ, ಹಾಗಾಗಿ ಆಚೆ ತೂರಿ ಇನ್ನೊಬ್ಬರಿಗೆ ತಗಲೋ ಅಪಾಯ ಕಮ್ಮಿ. ಓಡಾಡೋಕೆ ಇಡೋ ಗುಂಡನ್ನೂ ಒಂದು ಡಬ್ಬಿ ಹೊಡೆದು ನೋಡಿ ಆ ಗನ್ ಅದನ್ನ ಸಲೀಸಾಗಿ ನುಂಗತ್ತಾ ಅಂತ ಖಾತ್ರಿ ಮಾಡ್ಕೋಬೇಕು.

ಬ್ಯಾಗ್ ವಿಷಯಕ್ಕೆ ಇವರ ಜೊತೆ ಸ್ವಲ್ಪ ಜಗಳಾನೇ ಆಯ್ತು. ಹೆಣ್ಮಕ್ಕಳಿಗೆ ಅಂತಲೇ ಗನ್ ಜೇಬಿರೋ ಹ್ಯಾಂಡ್‌ಬ್ಯಾಗ್ ಮಾರ್ತಾರೆ, ಇವರು ಒಂದನ್ನ ನೋಡಿಟ್ಟಿದ್ರು. 2014ರ ಡಿಸೆಂಬರಲ್ಲಿ ಐಡಹೋದ ಹೇಡನ್ ಅನ್ನೋ ಊರಲ್ಲಿ ಒಬ್ಬ ತಾಯಿ ಅಂಗಡೀಲಿ ಸಾಮಾನು ತಗೊಳ್ತಿದ್ದಾಗ ಎರಡು ವರ್ಷದ ಮಗ ಅವಳ ಬ್ಯಾಗಿನ ಅಂಥದ್ದೇ ಜಿಪ್ ಜೇಬಿಂದ ಗನ್ ತೆಗೆದ, ಗುಂಡು ತಾಯಿಗೆ ತಗಲಿ ಅಲ್ಲೇ ಹೋಗಿಬಿಟ್ಲು. ಆ ತಾಯಿ ಗನ್ ಬಳಸೋದು ಗೊತ್ತಿಲ್ಲದವಳೂ ಅಲ್ಲ. ನಿಮ್ಮ ಬ್ಯಾಗಿಗೆ ದಿನಕ್ಕೆ ಎಷ್ಟು ಸಲ ಮಗಳು ಕೈ ಹಾಕ್ತಾಳೆ ಅಂತ ಕೇಳ್ದೆ. ಚಾಕೊಲೇಟು, ಫೋನು, ಟಿಶ್ಯೂ, ಲೆಕ್ಕ ಇಲ್ಲ ಅಂದ್ರು. ಬ್ಯಾಗ್ ಪಾಟ್‌ಲಕ್ಕಲ್ಲಿ ಬೇರೆಯವರ ಮನೆ ಬೆಡ್‌ರೂಮ್ ಮಂಚದ ಮೇಲೆ ಎಲ್ಲರ ಬ್ಯಾಗಿನ ಜೊತೆ ಬಿದ್ದಿರತ್ತೆ, ಏರ್‌ಪೋರ್ಟಲ್ಲಿ ಮರೆತು ಸ್ಕ್ಯಾನರ್ ಮೇಲೆ ಹೋಗತ್ತೆ. 2023ರಲ್ಲಿ ಅಮೆರಿಕದ ಏರ್‌ಪೋರ್ಟ್ ಚೆಕಿಂಗಲ್ಲಿ ಸಿಕ್ಕಿದ ಗನ್‌ಗಳು 6,737, ಹೆಚ್ಚಿನವು ಗುಂಡು ತುಂಬಿದ್ದವು. ಗ್ರೀನ್ ಕಾರ್ಡಿನವರು ಆ ಲೆಕ್ಕದಲ್ಲಿ ಸೇರ್ಕೋಬಾರದು. ಬ್ಯಾಗ್ ಬೇಡ, ಮೈಮೇಲೆ ಇಟ್ಕೊಳ್ಳೋ ದಿನ ಇಟ್ಕೊಳ್ಳಿ, ಆಗದ ದಿನ ಸೇಫಲ್ಲಿ ಬಿಟ್ಟು ಹೋಗಿ ಅಂದೆ, ಒಪ್ಪಿದ್ರು.

ಮೈಮೇಲೆ ಅಂದ ತಕ್ಷಣ ಬಟ್ಟೆ ಪ್ರಶ್ನೆ, ಇಲ್ಲಿನ ವಿಡಿಯೋಗಳೆಲ್ಲ ಬೆಲ್ಟ್ ಹಾಕ್ಕೊಳ್ಳೋ ಗಂಡಸರಿಗೆ ಮಾಡಿದ್ದು, ಕುರ್ತಾ ಲೆಗ್ಗಿಂಗ್ಸ್ ಹಾಕೋ ನಮಗೆ ಯಾರೂ ಹೇಳಲ್ಲ. ಜೀನ್ಸ್ ಮೇಲೆ ಸೊಂಟಕ್ಕಿಂತ ಸ್ವಲ್ಪ ಕೆಳಗೆ ಬರೋ ಕುರ್ತಿ ಇದ್ರೆ ಅತ್ಯುತ್ತಮ, ಒಳ್ಳೇ ಬೆಲ್ಟು, ಸೊಂಟದೊಳಗೆ ಸಿಕ್ಕಿಸೋ ಗನ್ನಿನ ಒರೆ, ಅಂದ್ರೆ ಕೈಡೆಕ್ಸ್ ಅನ್ನೋ ಗಟ್ಟಿ ಪ್ಲಾಸ್ಟಿಕ್ಕಿನ ಹೋಲ್‌ಸ್ಟರ್, ಎಡಗೈಲಿ ಕುರ್ತಿ ಎತ್ತಿ ಬಲಗೈಲಿ ತೆಗೀಬಹುದು. ಮೊಣಕಾಲಿನ ತನಕ ಬರೋ ಕುರ್ತಾದಲ್ಲಿ ಅದು ಆಗಲ್ಲ, ಅಷ್ಟು ಬಟ್ಟೆ ಎತ್ತೋ ಹೊತ್ತಿಗೆ ಎಲ್ಲ ಮುಗಿದಿರತ್ತೆ. ಲೆಗ್ಗಿಂಗ್ಸಿಗೆ ಹೊಟ್ಟೆಗೆ ಸುತ್ತೋ ಪಟ್ಟಿ ಸಿಗತ್ತೆ, ಅದ್ರೊಳಗೆ ಟ್ರಿಗರ್ ಮುಚ್ಚೋ ಗಟ್ಟಿ ಚಿಪ್ಪು ಇರೋದೇ ಆಗ್ಬೇಕು, ಬರೀ ಎಲಾಸ್ಟಿಕ್ ಬಟ್ಟೆ ಆದ್ರೆ ಹೊರಗಿಂದ ಒತ್ತಿದ್ರೂ ಟ್ರಿಗರ್ ಒತ್ಕೊಳ್ಬಹುದು. ಇನ್ನು ದುಪಟ್ಟಾ, ಪೈಜಾಮದ ಲಾಡಿ, ಇವು ನಿಜವಾದ ಅಪಾಯ. ಗನ್ ವಾಪಸ್ ಹೋಲ್‌ಸ್ಟರ್‌ಗೆ ಹಾಕುವಾಗ ಬಟ್ಟೆ ತುದಿ ಟ್ರಿಗರ್ ಸಂದೀಲಿ ಸಿಕ್ಕಿದ್ರೆ ಗುಂಡು ಹಾರತ್ತೆ, ಹೋಗೋದು ನಿಮ್ಮ ತೊಡೆಗೆ. ಹೋಲ್‌ಸ್ಟರ್‌ಗೆ ಹಾಕುವಾಗ ಅವಸರ ಯಾವತ್ತೂ ಬೇಡ, ಕಣ್ಣಲ್ಲಿ ನೋಡ್ಕೊಂಡು ಹಾಕಿ, ಸಾಧ್ಯ ಆದ್ರೆ ಹೋಲ್‌ಸ್ಟರನ್ನೇ ಬಿಚ್ಚಿ ತೆಗೆದು, ಗನ್ ಅದ್ರೊಳಗೆ ಹಾಕಿ ಆಮೇಲೆ ಸಿಕ್ಕಿಸ್ಕೊಳ್ಳಿ. ಸೀರೆ ದಿನ ಗನ್ ಇಲ್ಲ ಅಂತ ತೀರ್ಮಾನ ಮಾಡಿದ್ರು, ದುಪಟ್ಟಾ ದಿನಾನೂ ಇಲ್ಲ.

ಬಜೆಟ್ ಅಂತ ಅವರು ಗನ್ನಿನ ಬೆಲೆ ಮಾತ್ರ ಇಟ್ಕೊಂಡಿದ್ರು, ಸುಮಾರು 500 ಡಾಲರ್. ಹೋಲ್‌ಸ್ಟರ್ ಬೆಲ್ಟ್ ಸೇರಿ 120ರ ಆಸುಪಾಸು, ಬೆಡ್‌ರೂಮಲ್ಲಿ ಗೋಡೆಗೆ ಬೋಲ್ಟ್ ಹಾಕೋ ಬಟನ್ ಕೋಡ್ ಸೇಫ್ 200ರ ಹತ್ರ, ಕಾರಿನ ಸೀಟ್ ಕಂಬಿಗೆ ಕೇಬಲ್ ಹಾಕಿ ಬಿಗಿಯೋ ಸಣ್ಣ ಲಾಕ್ ಬಾಕ್ಸ್, ಮೊದಲ ಆರು ತಿಂಗಳಿಗೆ ಗುಂಡು, ರೇಂಜ್ ಫೀ, ಕ್ಲಾಸು. ಎಲ್ಲ ಕೂಡಿಸಿದ್ರೆ ಗನ್ನಿನ ಬೆಲೆಯ ಎರಡರಷ್ಟು ದಾಟ್ತು. ಸೇಫ್ ಮನೆಗೆ ಬಂದು ಗೋಡೆಗೆ ಕೂತ ಮೇಲೇನೇ ಗನ್ ತರ್ಬೇಕು ಅಂತ ನಾನು ಹಟ ಹಿಡಿದೆ. ಟೆಕ್ಸಾಸಲ್ಲಿ 17 ವರ್ಷದೊಳಗಿನ ಮಕ್ಕಳ ಕೈಗೆ ಸಿಗೋ ಹಾಗೆ ಗುಂಡು ತುಂಬಿದ ಗನ್ ಬಿಟ್ಟು, ಮಗು ಅದನ್ನ ತಗೊಂಡ್ರೆ ಅದು ಅಪರಾಧ. ಅಪರಾಧ ಅನ್ನೋದು ಬಿಡಿ, ಎಂಟು ವರ್ಷದ ಹುಡುಗಿಗೆ ಮನೇಲಿ ತಿಳೀದೆ ಇರೋ ಜಾಗ ಯಾವ್ದಿದೆ, ಬೀರುವಿನ ಮೇಲಿನ ಖಾನೆ, ಸೀರೆ ಮಡಿಕೆ, ಎಲ್ಲ ಗೊತ್ತಿರತ್ತೆ.

ಅತ್ತೆ ಮಾವನ ವಿಷಯ ಇಬ್ಬರಿಗೂ ಹೊಳೆದಿರ್ಲಿಲ್ಲ. ವಿಸಿಟರ್ ವೀಸಾದಲ್ಲಿ ಬಂದವರಿಗೂ ಗನ್ ವಿಷಯದಲ್ಲಿ ಅದೇ ನಿರ್ಬಂಧ, ಅವರಿಗೆ ಕೋಡ್ ಗೊತ್ತಿರಬಾರದು. ಸೇಫ್ ಕೋಡ್ ಮಗಳ ಹುಟ್ಟಿದ ದಿನ ಅಂತ ಇಟ್ಟಿದ್ರು, ಮನೆಯವರೆಲ್ಲ ಮೊದಲು ಒತ್ತಿ ನೋಡೋದು ಅದನ್ನೇ, ಬದಲಾಯಿಸಿ ಅಂದೆ. ಇನ್ನೊಂದು ಮಾತೂ ಕೇಳ್ದೆ, ಮುಜುಗರ ಆದ್ರೂ ಕೇಳಲೇಬೇಕು, ಮನೇಲಿ ಯಾರಿಗಾದ್ರೂ ಮನಸ್ಸು ತುಂಬಾ ಕುಗ್ಗಿರೋದು, ಕುಡಿತ, ಅಂಥದ್ದೇನಾದ್ರೂ ಇದ್ಯಾ ಅಂತ. ಅಮೆರಿಕದಲ್ಲಿ ಗನ್ನಿಂದ ಸಾಯೋವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆತ್ಮಹತ್ಯೆಯವರು, ಕಳ್ಳರ ಗುಂಡಿಗೆ ಸಿಕ್ಕವರಲ್ಲ. ನಮ್ಮ ಜನ ಈ ವಿಷಯ ಬಾಯಿ ಬಿಡಲ್ಲ, ವೀಸಾ ಟೆನ್ಷನ್, ಲೇಆಫ್, ಒಂಟಿತನ ಎಲ್ಲ ನಗುಮುಖದ ಹಿಂದೆ ಇರತ್ತೆ. ಯಾರಾದ್ರೂ ಹೌದು ಅಂದ್ರೆ ನಾನು ಈಗ ಬೇಡ ಅಂತ ನೇರವಾಗಿ ಹೇಳ್ತೀನಿ, ಹೇಳಿದ್ದೂ ಇದೆ. ಇವರ ಮನೇಲಿ ಹಾಗೇನಿರ್ಲಿಲ್ಲ.

ಲೈಸೆನ್ಸಿಗೆ ಕ್ಲಾಸು ನಾಲ್ಕರಿಂದ ಆರು ಗಂಟೆ, ಅರ್ಜಿ ಫೀ 40 ಡಾಲರ್, ಬೆರಳಚ್ಚು, ಆಮೇಲೆ ಶೂಟಿಂಗ್ ಪರೀಕ್ಷೆ: ಮೂರು ಗಜದಿಂದ 20, ಏಳರಿಂದ 20, ಹದಿನೈದರಿಂದ 10, ಒಟ್ಟು 50 ಗುಂಡು, 250ಕ್ಕೆ 175 ಬಂದ್ರೆ ಪಾಸ್. ಇವರು ಆರಾಮಾಗಿ ದಾಟಿದ್ರು. ಪರೀಕ್ಷೆ ಕಷ್ಟ ಏನಿಲ್ಲ, ಹಾಗಾಗಿ ಪಾಸಾದೆ ಅಂದ್ರೆ ತಯಾರಾದೆ ಅಂತ ಯಾರೂ ತಿಳ್ಕೋಬೇಡಿ, ಅಲ್ಲಿ ಹೋಲ್‌ಸ್ಟರಿಂದ ತೆಗೆಯೋದೇ ಇಲ್ಲ. ಆ ಲೈಸೆನ್ಸ್ ಎಲ್ಲಾ ರಾಜ್ಯದಲ್ಲೂ ನಡೆಯಲ್ಲ ಅನ್ನೋದೂ ನೆನಪಿರ್ಲಿ, ನ್ಯೂ ಜೆರ್ಸೀಲಿರೋ ಅಣ್ಣನ ಮನೆಗೆ ಹೋಗುವಾಗ ಇದು ಟೆಕ್ಸಾಸಲ್ಲೇ ಇರ್ಬೇಕು, ಅಲ್ಲಿ ಹಾಲೋ ಪಾಯಿಂಟ್ ಗುಂಡಿಗೂ ಬೇರೆ ರೂಲ್ ಇದೆ.

ಲೈಸೆನ್ಸ್ ಕಾರ್ಡ್ ಬಂದ ತಕ್ಷಣ ಗುಂಡು ತುಂಬಿಕೊಂಡು ಹೊರಟಿಲ್ಲ. ಕೆಲವು ವಾರ ಮಗಳು ಸ್ಕೂಲಲ್ಲಿರೋ ಹೊತ್ತು ಖಾಲಿ ಗನ್ ಹೋಲ್‌ಸ್ಟರಲ್ಲಿಟ್ಕೊಂಡು ಮನೇಲಿ ಅಡಿಗೆ ಮಾಡಿದ್ರು, ಬಗ್ಗಿದ್ರು, ಬಟ್ಟೆ ಮಡಚಿದ್ರು. ರಾತ್ರಿ ತೆಗೆದು ನೋಡಿದಾಗ ಟ್ರಿಗರ್ ಒತ್ತಿರ್ಲಿಲ್ಲ, ಗ್ಲಾಕಲ್ಲಿ ಒತ್ತಿದ್ರೆ ಟ್ರಿಗರ್ ಹಿಂದಕ್ಕೆ ಹೋಗಿ ಕೂತಿರತ್ತೆ, ನೋಡಿದ್ರೆ ತಿಳಿಯತ್ತೆ. ಚೇಂಬರಲ್ಲಿ, ಅಂದ್ರೆ ನಳಿಗೆಯ ಬುಡದಲ್ಲಿ ಹೊಡೆಯೋಕೆ ತಯಾರಾಗಿ, ಗುಂಡು ಇಟ್ರೆ ತಾನಾಗೇ ಹಾರತ್ತೆ ಅನ್ನೋ ಭಯ ಹೋಗಿದ್ದು ಹೀಗೆ, ನನ್ನ ಮಾತಿಂದ ಅಲ್ಲ. ಗೋಡೆಗೆ ಒಂದು ಚುಕ್ಕಿ ಅಂಟಿಸ್ಕೊಂಡು, ಗುಂಡೆಲ್ಲ ಬೇರೆ ರೂಮಲ್ಲಿ ಇಟ್ಟು, ಎರಡೆರಡು ಸಲ ಚೆಕ್ ಮಾಡಿ ಖಾಲಿ ಟ್ರಿಗರ್ ಅಭ್ಯಾಸ ಮಾಡ್ತಾರೆ, ದಿನಕ್ಕೆ ಹತ್ತು ನಿಮಿಷ. ರೇಂಜಿಂದ ಬಂದ ಮೇಲೆ ತಣ್ಣೀರಲ್ಲಿ ಸೋಪು ಹಾಕಿ ಕೈ ತೊಳೆದು ಬಟ್ಟೆ ಬದಲಾಯಿಸಿಯೇ ಮಗಳನ್ನ ಮುಟ್ಟೋದು, ಗುಂಡಿನ ಹೊಗೇಲಿ ಸೀಸ ಇರತ್ತೆ.

ಈಗ ಲೆಕ್ಕ ಹಾಕಿದ್ರೆ ಅವರು ಗನ್ ಮೈಮೇಲೆ ಇಟ್ಕೊಳ್ಳೋದು ವಾರದಲ್ಲಿ ಎರಡು ಮೂರು ದಿನ. ಕೆಲಸದ ದಿನ ಕಾರಲ್ಲಿ ಇಡೋದು ಬೇಡ ಅಂತ ನಾನು ಹೇಳಿದ್ದೆ, ಇಲ್ಲಿ ಗನ್‌ಗಳು ಕಳುವಾಗೋದು ಬಹಳ ಮಟ್ಟಿಗೆ ಕಾರುಗಳಿಂದಲೇ. ಅವರು ಸ್ವಲ್ಪ ದಿನ ಯೋಚನೆ ಮಾಡಿ, ಸೆಕ್ಯುರಿಟಿಯವರು ಇರೋದ್ರಿಂದ ಕೆಲಸದ ದಿನ ಮನೆ ಸೇಫಲ್ಲೇ ಬಿಡ್ತೀನಿ ಅಂದ್ರು, ಪೆಟ್ರೋಲ್ ಹಗಲಲ್ಲೇ ಹಾಕಿಸ್ಕೊಳ್ತಾರೆ. ಕಾರಿನ ಲಾಕ್ ಬಾಕ್ಸ್ ಪಾರ್ಕಿಗೆ ಹೋದಾಗ ದಾರೀಲಿ ಬೋರ್ಡ್ ಹಾಕಿದ ಅಂಗಡಿ ಸಿಕ್ರೆ ಅಂತ ಇದೆ. ಯಜಮಾನ್ರು ಗ್ಲಾಕ್ 19 ತಗೊಳ್ಲಾ ಅಂತ ಇನ್ನೂ ಕೇಳ್ತಿದ್ದಾರೆ, ಅವರಿಗೂ ಆ ವಾರದ ಹಾಳೆ ಕೊಟ್ಟಿದ್ದೀನಿ, ಇನ್ನೂ ತುಂಬಿ ತಂದಿಲ್ಲ.